ಅದೇ ಗುಂಡಿ, ಹೊಸ ಗಿಡ: ಟಾಟಾ ಇನ್‌ಸ್ಟಿಟ್ಯೂಟ್ ಕ್ಯಾಂಪಸ್ಸಿನಿಂದ ನಮ್ಮೂರ ಕಾಲೇಜು ಕಲಿಯಬೇಕಾದ ಲೆಕ್ಕ

ಪ್ರತಿ ವರ್ಷ ಜೂನ್ ಮೊದಲ ವಾರ ನಮಗೆ ಫೋನುಗಳು ಬರುತ್ತವೆ. "ಐದನೇ ತಾರೀಖು ಕಾಲೇಜಲ್ಲಿ ಪರಿಸರ ದಿನಾಚರಣೆ, ಗಿಡ ನೆಡೋ ಕಾರ್ಯಕ್ರಮ. ಬಂದು ಒಂದು ಫೋಟೊ ತಗೊಂಡು ಹೋಗಿ." ನಾವು ಹೋಗುತ್ತೇವೆ. ಅತಿಥಿಗಳು ಗಿಡ ಹಿಡಿದುಕೊಳ್ಳುತ್ತಾರೆ, ಪ್ರಿನ್ಸಿಪಾಲರು ಬಿಂದಿಗೆಯಿಂದ ನೀರು ಹಾಕುತ್ತಾರೆ, ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಾರೆ. ಮರುದಿನ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಫೋಟೊ.

ಒಂದು ತಾಲ್ಲೂಕು ಕಾಲೇಜಿಗೆ ಹೀಗೆ ಸತತ ನಾಲ್ಕನೇ ವರ್ಷ ಹೋದಾಗ ಅಲ್ಲಿನ ಅಟೆಂಡರ್ ಅಣ್ಣ ನಮ್ಮ ಪಕ್ಕ ನಿಂತು ಮೆಲ್ಲಗೆ ಹೇಳಿದ್ದರು: "ಹೋದ ವರ್ಷದ ಗುಂಡೀನೇ ಸಾರ್. ಅಗೆಯೋ ಕೆಲಸ ಉಳೀತು." ನಕ್ಕೆವು. ವರದಿಯನ್ನು ಎಂದಿನಂತೆಯೇ ಬರೆದೆವು.

ಅದೇ ದಿನ ಸಂಜೆ ಆ ಕಾಲೇಜಿನ ಗೇಟಿನೊಳಗೆ ನೀರಿನ ಟ್ಯಾಂಕರ್ ಹೋಗುವುದನ್ನು ಕಂಡೆವು. ನೀರು ಎಲ್ಲಿಂದ ಅಂತ ಡ್ರೈವರನ್ನು ಕೇಳಿದರೆ, ಪಕ್ಕದ ಊರಿನ ತೋಟದ ಬೋರ್‌ವೆಲ್‌ನಿಂದ ಅಂದರು. ಆ ಊರಿನಲ್ಲಿ ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುವುದು ಮೂರು ದಿನಕ್ಕೊಮ್ಮೆ. ಕಾಲೇಜು ಎದ್ದಿರುವುದೂ ಅದೇ ಊರಿನ ಗೋಮಾಳದಲ್ಲಿ. ಜಾಗವೂ ಊರಿನದು, ನೀರೂ ಊರಿನದು. ಊರಿಗೆ ಮರಳಿ ಸಿಕ್ಕಿದ್ದು ಪೇಪರಿನಲ್ಲಿ ಗಿಡದ ಫೋಟೊ.

ಅಂದಿನಿಂದ ನಮಗೊಂದು ಪ್ರಶ್ನೆ. ಒಂದು ಕಾಲೇಜು ಕ್ಯಾಂಪಸ್ ನಿಜವಾಗಿ ಹಸಿರಾಗುವುದು ಅಂದರೆ ಏನು? ಅದಕ್ಕೆ ನಮ್ಮ ರಾಜ್ಯದಲ್ಲೇ ನೂರು ವರ್ಷ ದಾಟಿದ ಒಂದು ಉದಾಹರಣೆ ಇದೆ. ಅದರ ಅರ್ಧ ಕಥೆ ಬೆಂಗಳೂರಿನಲ್ಲಿ ನಡೆಯಿತು. ಇನ್ನರ್ಧ ನಡೆದದ್ದು ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ.

ಕುರುಚಲು ನೆಲದ 371 ಎಕರೆ

ಯಶವಂತಪುರದ ಕಡೆಯಿಂದ ಮೆಜೆಸ್ಟಿಕ್ ಬಸ್ಸು ಹತ್ತಿದವರು 'ಟಾಟಾ ಇನ್‌ಸ್ಟಿಟ್ಯೂಟ್' ಅನ್ನುವ ಸ್ಟಾಪಿನ ಹೆಸರು ಕೇಳಿರುತ್ತೀರಿ. ಅದರ ನಿಜವಾದ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ದೇಶಕ್ಕೊಂದು ಸಂಶೋಧನೆಯ ವಿಶ್ವವಿದ್ಯಾಲಯ ಬೇಕು ಎಂದು ಜೆಮ್‌ಶೆಟ್‌ಜಿ ಟಾಟಾ ಕನಸು ಕಂಡರು. ಅವರು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 1907ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಮಾರು 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು, 1911ರಲ್ಲಿ ಪಾಠ ಶುರುವಾಯಿತು.

ಇಂದು ಆ ಗೇಟಿನೊಳಗೆ ಕಾಲಿಟ್ಟರೆ ಕಾಡಿನೊಳಗೆ ಹೋದ ಹಾಗೆ ಅನ್ನಿಸುತ್ತದೆ. ಆದರೆ ಆಗ ಅದು ನಮ್ಮ ಊರುಗಳ ಆಚೆ ಇರುತ್ತದಲ್ಲ, ಅಂಥ ಕುರುಚಲು ಬಯಲು. ಮೊದಲ ಕೆಲವು ದಶಕ ರಸ್ತೆಯ ಬದಿಯಲ್ಲಿ ಸಾಲುಮರ ಹಾಕಿದರು. ಅಲ್ಲಿನ ಒಳರಸ್ತೆಗಳಿಗೆ ಈಗಲೂ ಮರಗಳದೇ ಹೆಸರು: ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ, ತಾಳ ಮಾರ್ಗ, ನೀಲಗಿರಿ ಮಾರ್ಗ. ಗುಲ್‌ಮೊಹರ್ ಮಡಗಾಸ್ಕರ್‌ನದು, ಮಹಾಗನಿ ಅಮೆರಿಕ ಖಂಡದ್ದು, ನೀಲಗಿರಿ ಆಸ್ಟ್ರೇಲಿಯಾದ್ದು. ನೆರಳಿಗೆ, ಚೆಂದಕ್ಕೆ ಹಾಕಿದ ಮರಗಳು. ತಪ್ಪೇನಿಲ್ಲ. ಆದರೆ ಈ ಕ್ಯಾಂಪಸ್ಸಿನ ಪರಿಸರದ ಕಥೆ ಮರದಿಂದ ಶುರುವಾಗುವುದಿಲ್ಲ. ಅದು ಶುರುವಾಗುವುದು ಕೊಳಚೆಯಿಂದ.

ಹೆಪ್ಪು ಹಾಕಿದ ಕೊಳಚೆ

1914ರ ಸುಮಾರಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಕೊಳಚೆ ನೀರು ಶುದ್ಧ ಮಾಡುವ ಒಂದು ಹೊಸ ವಿಧಾನ ಹುಟ್ಟಿತು. ಕೊಳಚೆಯೊಳಗೆ ಗಾಳಿ ಊದುತ್ತಾ ಹೋದರೆ ಅದರಲ್ಲಿನ ಸೂಕ್ಷ್ಮಜೀವಿಗಳು ಬೆಳೆದು ಕೊಳೆಯನ್ನು ತಿನ್ನುತ್ತವೆ. ಆಮೇಲೆ ತಳದಲ್ಲಿ ಕೂರುವ ಕೆಸರನ್ನು ಎಸೆಯದೆ, ಸ್ವಲ್ಪ ಭಾಗ ತೆಗೆದು ಹೊಸ ಕೊಳಚೆಗೆ ಸೇರಿಸಿದರೆ ಕೆಲಸ ಬೇಗ ಮುಗಿಯುತ್ತದೆ. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ, ಹಾಗೆ. ಇದಕ್ಕೆ 'ಆಕ್ಟಿವೇಟೆಡ್ ಸ್ಲಡ್ಜ್' ವಿಧಾನ ಅನ್ನುತ್ತಾರೆ. ಇವತ್ತು ಜಗತ್ತಿನ ದೊಡ್ಡ ನಗರಗಳ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಬಹಳಷ್ಟು ಇದೇ ತತ್ವದ ಮೇಲೆ ನಡೆಯುತ್ತವೆ.

ಆ ಕೆಲಸದ ಹಿಂದಿದ್ದ ವಿಜ್ಞಾನಿ ಗಿಲ್ಬರ್ಟ್ ಫೌಲರ್. ಅವರು 1916ರಲ್ಲಿ ಬೆಂಗಳೂರಿನ ಈ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಇಲ್ಲಿ ಅವರ ಗಮನ ಬೇರೆ ಕಡೆ ತಿರುಗಿತು. ಇಂಗ್ಲೆಂಡಿನಲ್ಲಿ ಕೊಳಚೆ ಅಂದರೆ ತೊಲಗಿಸಬೇಕಾದ ಪೀಡೆ. ಭಾರತದಲ್ಲಿ ಹೊಲಗಳಿಗೆ ಗೊಬ್ಬರವೇ ಸಾಲದು. ಹಾಗಾದರೆ ಕೊಳಚೆಯಲ್ಲಿರುವ ಸಾರಜನಕವನ್ನು ಹೊಲಕ್ಕೆ ಮರಳಿಸುವುದು ಹೇಗೆ? ಈ ಪ್ರಶ್ನೆಯ ಮೇಲೆ ಅವರು, ಅವರ ಶಿಷ್ಯರು ವರ್ಷಗಟ್ಟಲೆ ಕೆಲಸ ಮಾಡಿದರು.

ಆ ಸಾಲಿನಲ್ಲೇ ಮುಂದೆ ಬಂದವರು ಸಿ.ಎನ್. ಆಚಾರ್ಯ. 1939ರ ಹೊತ್ತಿಗೆ ಅವರು ರೂಪಿಸಿದ ಕಾಂಪೋಸ್ಟ್ ವಿಧಾನ ಜಗತ್ತಿನ ಕೃಷಿ ಪುಸ್ತಕಗಳಲ್ಲಿ 'ಬೆಂಗಳೂರು ವಿಧಾನ' ಎಂದೇ ದಾಖಲಾಗಿದೆ. ಗುಂಡಿಯಲ್ಲಿ ಕಸ ಮತ್ತು ಮಲವನ್ನು ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರರಿಂದ ಎಂಟು ತಿಂಗಳು ಹಾಗೇ ಬಿಡುವುದು. ಮಗುಚುವ ಆಳಿನ ಖರ್ಚಿಲ್ಲ, ನೀರು ಹೆಚ್ಚು ಬೇಡ, ಸಾರವೂ ಹೆಚ್ಚು ಉಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಕಾಲದಲ್ಲಿ ಮಲವನ್ನು ಹೊತ್ತು ಗುಂಡಿಗೆ ತಂದವರು ಜಾತಿಯ ಕಾರಣಕ್ಕೇ ಆ ಕೆಲಸಕ್ಕೆ ದೂಡಲ್ಪಟ್ಟ ಜನ. ವಿಧಾನಕ್ಕೆ ಊರಿನ ಹೆಸರು ಬಂತು, ಹೊತ್ತವರ ಹೆಸರು ಯಾವ ಪುಸ್ತಕಕ್ಕೂ ಬರಲಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. 'ಕಸದಿಂದ ರಸ' ಎಂದು ಭಾಷಣ ಮಾಡುವಾಗ ಕಸ ಹೊರುವವರು ಯಾರು ಎಂದು ಕೇಳಿಕೊಳ್ಳದಿದ್ದರೆ ಆ ಹಸಿರು ಪೂರ್ತಿ ಹಸಿರಲ್ಲ.

1927ರಲ್ಲಿ ಗಾಂಧಿ ಕೇಳಿದ್ದು

1927ರಲ್ಲಿ ಆರೋಗ್ಯ ಕೆಟ್ಟು ವಿಶ್ರಾಂತಿಗೆಂದು ಗಾಂಧೀಜಿ ಬೆಂಗಳೂರಿನಲ್ಲಿ ತಂಗಿದ್ದರು. ಆ ಜುಲೈನಲ್ಲಿ ಈ ಸಂಸ್ಥೆಗೂ ಭೇಟಿ ಕೊಟ್ಟು ವಿದ್ಯಾರ್ಥಿಗಳೆದುರು ಮಾತಾಡಿದರು. ಅವರ ಮಾತಿನ ಸಾರ ಇಷ್ಟು: ಈ ಕಟ್ಟಡ, ಈ ಯಂತ್ರಗಳಿಗೆಲ್ಲ ಕೊನೆಗೆ ಹಣ ಕೊಟ್ಟವನು ಹಳ್ಳಿಯವನು. ಅವನನ್ನು ಯಾರೂ ಕೇಳಲಿಲ್ಲ. ನೀವು ಕಂಡುಹಿಡಿಯುವುದೆಲ್ಲ ಬಡವನ ಒಳಿತನ್ನು ಗುರಿಯಾಗಿ ಇಟ್ಟುಕೊಳ್ಳದಿದ್ದರೆ ಈ ಪ್ರಯೋಗಶಾಲೆಗಳಿಂದ ಕೆಡುಕೇ ಹೊರತು ಒಳಿತಿಲ್ಲ.

ಆ ಪ್ರಶ್ನೆಯನ್ನು ಇಡೀ ಒಂದು ವಿಭಾಗದ ಕೆಲಸವನ್ನಾಗಿ ಕೈಗೆತ್ತಿಕೊಳ್ಳಲು ಇನ್ನೂ 47 ವರ್ಷ ಬೇಕಾಯಿತು.

ಪುರದ ಲೆಕ್ಕ

ಎ.ಕೆ.ಎನ್. ರೆಡ್ಡಿ, ಪೂರ್ತಿ ಹೆಸರಿನಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ, ವಿದ್ಯುತ್-ರಸಾಯನ ಶಾಸ್ತ್ರದಲ್ಲಿ ಹೆಸರು ಮಾಡಿದ್ದವರು. ಆ ವಿಷಯದ ಬಗ್ಗೆ ಅವರು ಮತ್ತು ಬೋಕ್ರಿಸ್ ಬರೆದ ಪುಸ್ತಕವನ್ನು ಹೊರದೇಶದ ವಿಶ್ವವಿದ್ಯಾಲಯಗಳಲ್ಲೂ ಓದುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅವರಿಗೆ ತಮ್ಮ ವಿಜ್ಞಾನ ಯಾರಿಗಾಗಿ ಎಂಬ ಪ್ರಶ್ನೆ ಕಾಡತೊಡಗಿತು. 1974ರಲ್ಲಿ ಅವರು, ಅವರ ಸಹೋದ್ಯೋಗಿಗಳು ಸೇರಿ 'ಅಸ್ತ್ರ' ಶುರು ಮಾಡಿದರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ, ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ಇಸ್ರೊ ಅಧ್ಯಕ್ಷರೂ ಆಗಿದ್ದ ಸತೀಶ್ ಧವನ್ ಆಗ ಸಂಸ್ಥೆಯ ನಿರ್ದೇಶಕರು. ಅವರ ಬೆಂಬಲವಿತ್ತು.

ಬೆಂಗಳೂರಿನಲ್ಲಿ ಕೂತು ಹಳ್ಳಿಗೆ ಯಂತ್ರ ಮಾಡಿದರೆ ಆಗುವುದಿಲ್ಲ ಎಂದು ಅವರಿಗೆ ಬೇಗ ಗೊತ್ತಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದರು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಎತ್ತಿನ ದುಡಿಮೆ, ಎಷ್ಟು ಹೆಂಗಸರ ದುಡಿಮೆ, ಎಲ್ಲವೂ ಲೆಕ್ಕಕ್ಕೆ ಬಂದವು.

ಅದರಲ್ಲಿ ಪುರ ಎಂಬ ಹಳ್ಳಿಯ ಲೆಕ್ಕ ಮುಂದೆ ವಿಶ್ವಸಂಸ್ಥೆಯ ವರದಿಗಳವರೆಗೆ ಹೋಯಿತು. 1977ರಲ್ಲಿ ಪುರದಲ್ಲಿ 56 ಮನೆ, 357 ಜನ. ಊರು ಬಳಸುವ ಶಕ್ತಿಯಲ್ಲಿ ಶೇ. 89ರಷ್ಟು ಸೌದೆಯಿಂದ. ಮನುಷ್ಯರ ದುಡಿಮೆ ಶೇ. 7. ಸೀಮೆಎಣ್ಣೆ ಶೇ. 2. ಎತ್ತುಗಳದು ಶೇ. 1, ಕರೆಂಟಿನದು ಶೇ. 1. ಒಂದು ಮನೆಯವರು ದಿನಕ್ಕೆ ಸರಾಸರಿ 2.6 ಗಂಟೆ, 4.8 ಕಿಲೋಮೀಟರ್ ನಡೆದು ಸುಮಾರು 10 ಕಿಲೋ ಸೌದೆ ತರುತ್ತಿದ್ದರು. ನೀರಿಗೆ ದಿನಕ್ಕೆ ಒಂದೂವರೆ ಗಂಟೆ, 1.6 ಕಿಲೋಮೀಟರ್. ಇಷ್ಟು ನಡೆದು ಸಿಗುತ್ತಿದ್ದದ್ದು ತಲೆಗೆ 17 ಲೀಟರ್ ನೀರು.

ಈ ಅಂಕಿಗಳನ್ನು ನಾವು ಮೊದಲು ಓದಿದಾಗ ನೆನಪಾದದ್ದು ನಮ್ಮ ಅಜ್ಜಿಯರು. ನಮ್ಮ ಮನೆಗಳಲ್ಲಿ ಈ ನಡಿಗೆಗೆ ಹೆಸರೇ ಇರಲಿಲ್ಲ. "ಸೌದೆಗೆ ಹೋಗಿದ್ಲು" ಅಂದರೆ ಮುಗಿಯಿತು. ಅದು ಕೆಲಸವೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಒಂದು ದೊಡ್ಡ ಸಂಸ್ಥೆಯ ವಿಜ್ಞಾನಿಗಳು ಬಂದು ಆ ನಡಿಗೆಯನ್ನು ಕಿಲೋಮೀಟರಿನಲ್ಲಿ ಅಳೆದರು. ಅಸ್ತ್ರ ಮಾಡಿದ ಕೆಲಸಗಳಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಆ ಲೆಕ್ಕದಿಂದ ಬಂದದ್ದು 'ಅಸ್ತ್ರ ಒಲೆ'. ನಲವತ್ತು ದಾಟಿದವರಿಗೆ ನೆನಪಿರಬೇಕು: ಮಣ್ಣಿನಲ್ಲಿ ಕಟ್ಟಿದ, ಮೂರು ಪಾತ್ರೆ ಇಡುವ, ಹೊಗೆಕೊಳವೆ ಇರುವ ಒಲೆ. ಸೌದೆ ಉಳಿಸುವುದು, ಅಡುಗೆಮನೆಯ ಹೊಗೆ ತೆಗೆಯುವುದು ಅದರ ಗುರಿ. ಸರ್ಕಾರದ ಯೋಜನೆಯಲ್ಲಿ ರಾಜ್ಯದ ಹಳ್ಳಿಹಳ್ಳಿಗೆ ಹೋಯಿತು. ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ಉರಿಯಿತು. ಕೆಲವು ಮನೆಗಳಲ್ಲಿ ಬೇಗ ಮೂಲೆ ಸೇರಿತು. ಅದಕ್ಕೆ ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ಆಗಾಗ ತೆಗೆಯಬೇಕು. ಉದ್ದದ ಕೊಂಬೆಯನ್ನು ಹಾಗೇ ನೂಕಿ ಅಭ್ಯಾಸವಿದ್ದವರಿಗೆ ಅದು ರೇಜಿಗೆ.

"ನಮಗೆ ನೀರು ಕೊಡಿ"

ಪುರದಲ್ಲಿ ಇನ್ನೂ ದೊಡ್ಡ ಪಾಠ ಕಾದಿತ್ತು. ಊರಿನ ದನಗಳ ಸಗಣಿಯೆಲ್ಲ ಒಂದೇ ಕಡೆ ಸೇರಿಸಿ ದೊಡ್ಡ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಎಲ್ಲ ಮನೆಗೂ ಅಡುಗೆಗೆ ಗ್ಯಾಸ್ ಕೊಡಬೇಕೆಂಬುದು ಮೊದಲ ಯೋಜನೆ. ಮಾಡಿ ನೋಡಿದರು. ಸಿಗುವ ಸಗಣಿಯಿಂದ ಎಲ್ಲರ ಪೂರ್ತಿ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಅರ್ಧ ಅಡುಗೆ ಗ್ಯಾಸಿನಲ್ಲಿ, ಇನ್ನರ್ಧ ಸೌದೆಯಲ್ಲಿ ಎಂದರೆ ಯಾವ ಹೆಂಗಸು ಒಪ್ಪುತ್ತಾಳೆ? ಯೋಜನೆ ನಿಂತಿತು.

ಹೆಚ್ಚಿನ ಕಡೆ ಕಥೆ ಇಲ್ಲಿಗೇ ಮುಗಿಯುತ್ತದೆ. ಅಧಿಕಾರಿಗಳು 'ಜನರ ಸಹಕಾರ ಸಿಗಲಿಲ್ಲ' ಎಂದು ಬರೆದು ಹೋಗುತ್ತಾರೆ. ಅಸ್ತ್ರದವರು ಹೋಗಲಿಲ್ಲ, ಕೂತು ಕೇಳಿದರು. ಊರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು, ಆಮೇಲೆ ಬೆಳಕು. 1987ರ ಸೆಪ್ಟೆಂಬರಿನಿಂದ ಅದೇ ಗ್ಯಾಸಿನಿಂದ, ಜೊತೆಗೆ ಸ್ವಲ್ಪ ಡೀಸೆಲ್ ಸೇರಿಸಿ, ಎಂಜಿನ್ ಓಡಿಸಿ ಕರೆಂಟು ತೆಗೆದರು. ಆ ಕರೆಂಟಿನಿಂದ ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಕೊಟ್ಟರು, ಸಂಜೆ ಮನೆಗಳಿಗೆ ಟ್ಯೂಬ್‌ಲೈಟ್ ಹಚ್ಚಿದರು. ಸಗಣಿ ತಂದವರಿಗೆ ತೂಕದ ಮೇಲೆ ದುಡ್ಡು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರದೇ ಹೊಲಕ್ಕೆ ವಾಪಸ್. ನಡೆಸಿದವರು ಊರಿನದೇ ಹುಡುಗರು.

ಆ ಸ್ಥಾವರ ಶಾಶ್ವತವಾಗಿ ನಡೆಯಲಿಲ್ಲ. ಕೆಲವು ವರ್ಷ ಚೆನ್ನಾಗಿ ನಡೆದು ನಿಂತಿತು. ಆದರೆ ಅದು ಕಲಿಸಿದ್ದು ಉಳಿಯಿತು. ಮೊದಲು ಅಳೆಯಬೇಕು. ಆಮೇಲೆ ಇರುವವರನ್ನು ಕೇಳಬೇಕು. ತೆಗೆದುಕೊಂಡದ್ದರಲ್ಲಿ ಉಳಿದದ್ದನ್ನು ಅಲ್ಲಿಗೇ ಮರಳಿಸಬೇಕು.

ಪಾಠ ಕ್ಯಾಂಪಸ್ಸಿಗೆ ಮರಳಿತು

ಹಳ್ಳಿಗೆಂದು ಮಾಡಿದ ಕೆಲಸ ತಿರುಗಿ ಕ್ಯಾಂಪಸ್ಸಿಗೆ ಬಂತು. ಇಟ್ಟಿಗೆ ಸುಡಲು ಸೌದೆ ರಾಶಿರಾಶಿ ಬೇಕು ಎಂದು ಕಂಡ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆ ಮಾಡುವ ಮಣ್ಣಿನ ಬ್ಲಾಕನ್ನು ಬೆಳೆಸಿದರು. ನಮ್ಮ ಅಜ್ಜಂದಿರ ಹಸಿ ಇಟ್ಟಿಗೆಯನ್ನೇ ಗಟ್ಟಿ ಮಾಡಿದ ಹಾಗೆ. ಆ ಬ್ಲಾಕಿನ ಕಟ್ಟಡಗಳು ಕ್ಯಾಂಪಸ್ಸಿನೊಳಗೂ ಎದ್ದವು, ಬೆಂಗಳೂರಿನ ಮನೆಗಳಿಗೂ ಹೋದವು. ಅಸ್ತ್ರ ಈಗ 'ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ' ಎಂಬ ಹೆಸರಿನಲ್ಲಿ ಅಲ್ಲೇ ಇದೆ.

ಶಕ್ತಿಯ ವಿಷಯದಲ್ಲೂ ಹಾಗೇ. 1980ರ ದಶಕದ ಕೊನೆಯಲ್ಲಿ ಕರ್ನಾಟಕಕ್ಕೆ ದೊಡ್ಡ ದೊಡ್ಡ ವಿದ್ಯುತ್ ಸ್ಥಾವರ ಬೇಕೆಂಬ ಯೋಜನೆ ಬಂದಾಗ ರೆಡ್ಡಿಯವರ ತಂಡ ತಿರುಗಿ ಲೆಕ್ಕ ಹಾಕಿತು. ಜನರಿಗೆ ಬೇಕಿರುವುದು ಯೂನಿಟ್ ಅಲ್ಲ. ಬೆಳಕು, ನೀರು, ಬೇಯಿಸಿದ ಅಡುಗೆ. ಅದನ್ನೇ ಕಡಿಮೆ ಕರೆಂಟಿನಲ್ಲಿ ಕೊಡುವ ಬಲ್ಬು, ಪಂಪು, ಒಲೆ ಬಂದರೆ ಅಷ್ಟೊಂದು ಸ್ಥಾವರಗಳೇ ಬೇಡ ಎಂದು ಅವರು ವಾದಿಸಿದರು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಇವತ್ತು ಮನೆಮನೆಯಲ್ಲಿ ಎಲ್‌ಇಡಿ ಬಲ್ಬು ಇದೆ. ಅವರ ವಾದ ಏನೆಂದು ಈಗ ಯಾರಿಗೂ ವಿವರಿಸಬೇಕಾಗಿಲ್ಲ.

ಮರದ ಸರದಿ ಬಂದದ್ದೂ ಆ ಕಾಲದಲ್ಲೇ. 1983ರಲ್ಲಿ ಮಾಧವ ಗಾಡ್ಗೀಳರ ಮುಂದಾಳತ್ವದಲ್ಲಿ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಶುರುವಾಯಿತು. ಅದರ ವಿಜ್ಞಾನಿಗಳು ಉತ್ತರ ಕನ್ನಡದ ಕಾಡುಗಳಲ್ಲಿ ಕೆಲಸ ಮಾಡುತ್ತಿದ್ದರು. 1980ರ ದಶಕದ ಮಧ್ಯದಲ್ಲಿ ಕ್ಯಾಂಪಸ್ಸಿನ ಸುಮಾರು ಒಂದೂವರೆ ಹೆಕ್ಟೇರ್ ಜಾಗದಲ್ಲಿ, ಎಂದರೆ ನಾಲ್ಕು ಎಕರೆಗೂ ಕಡಿಮೆ ನೆಲದಲ್ಲಿ, ಪಶ್ಚಿಮ ಘಟ್ಟದ 49 ಜಾತಿಯ ಸುಮಾರು 500 ಸಸಿ ನೆಟ್ಟರು.

ನೆಟ್ಟು ಫೋಟೊ ತೆಗೆಸಿಕೊಂಡು ಹೋಗಲಿಲ್ಲ ಎನ್ನುವುದೇ ಇಲ್ಲಿನ ಮುಖ್ಯ ಮಾತು. ದನ ನುಗ್ಗದಂತೆ ಕಾವಲಿಟ್ಟರು. ಮೊದಲ ವರ್ಷಗಳಲ್ಲಿ ನೀರು ಹಾಕಿದರು. ಆಮೇಲೆ ಮುಟ್ಟಲಿಲ್ಲ. ಬಿದ್ದ ಎಲೆಯನ್ನು ಗುಡಿಸಿ ಸುಡಲಿಲ್ಲ. ಎಲೆ ಕೊಳೆತು ಮಣ್ಣಾಯಿತು, ಮಣ್ಣು ಮಳೆನೀರನ್ನು ಹಿಡಿದಿಟ್ಟಿತು. ಕಾಲು ಶತಮಾನದ ನಂತರ ಅದೇ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ದಾಖಲಿಸಿದ ಪ್ರಕಾರ, ಆ ಪುಟ್ಟ ಕಾಡಿನೊಳಗೆ ಉಷ್ಣತೆ ಹೊರಗಿಗಿಂತ ಸುಮಾರು ಎರಡು ಡಿಗ್ರಿ ಕಡಿಮೆ. ಮೊದಲು 60-70 ಮೀಟರ್ ಆಳದಲ್ಲಿದ್ದ ಅಂತರ್ಜಲ ಅಲ್ಲಿ ಮೂರು, ಮೂರೂವರೆ ಮೀಟರಿಗೆ ಬಂದಿತ್ತು. ನಮ್ಮ ಕಡೆ ಸಾವಿರ ಅಡಿ ಕೊರೆದು ಧೂಳು ಕಂಡವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಆ ಕ್ಯಾಂಪಸ್ಸಿನಲ್ಲಿ ಕಾಡುಪಾಪಗಳೂ ಇವೆ. ದೊಡ್ಡ ಕಣ್ಣಿನ ಆ ಪುಟ್ಟ ಪ್ರಾಣಿ ರಾತ್ರಿ ಕೊಂಬೆಯಿಂದ ಕೊಂಬೆಗೆ ನಡೆದೇ ಹೋಗಬೇಕು, ಕೋತಿಯಂತೆ ನೆಗೆಯಲಾರದು. ಮರಕ್ಕೆ ಮರ ತಾಗಿಕೊಂಡಿದ್ದರೆ ಮಾತ್ರ ಅದು ಬದುಕುತ್ತದೆ. ಇಪ್ಪತ್ತು ಅಡಿಗೊಂದರಂತೆ ನೆಟ್ಟ ಅಲಂಕಾರದ ಗಿಡಗಳಲ್ಲಿ ಕಾಡುಪಾಪ ಉಳಿಯದು.

ನಮ್ಮೂರ ಕಾಲೇಜಿಗೆ ಇದರಿಂದೇನು?

"ಅವರಿಗೇನು, ದೆಹಲಿಯಿಂದ ದುಡ್ಡು ಬರುತ್ತೆ" ಎಂದು ನೀವು ಅನ್ನಬಹುದು. ಆದರೆ ಮೇಲೆ ಹೇಳಿದ ಕೆಲಸಗಳನ್ನು ಮತ್ತೆ ನೋಡಿ. ಗುಂಡಿ ಕಾಂಪೋಸ್ಟು, ಮಣ್ಣಿನ ಬ್ಲಾಕು, ಕಾವಲಿಟ್ಟು ಬೆಳೆಸಿದ ನಾಲ್ಕು ಎಕರೆ ಮರ. ಇದಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ, ಲೆಕ್ಕ ಬೇಕು. ಡಿಗ್ರಿ ಕಾಲೇಜಿನ ವಿದ್ಯಾರ್ಥಿಗಳೇ ಹಾಕಬಹುದಾದ ಎರಡು ಲೆಕ್ಕ ಇಲ್ಲಿವೆ.

ಮೊದಲನೆಯದು ಮಳೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಕಾಲೇಜಿನ ಸೂರು 5,000 ಚದರ ಅಡಿ ಇದ್ದರೆ ಅದು ಸುಮಾರು 465 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದುಕೊಳ್ಳಿ. ಒಟ್ಟು 2 ಲಕ್ಷ 79 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಆವಿಯಾಗಿ, ಸೋರಿ ಹೋಯಿತು ಎಂದರೂ 2 ಲಕ್ಷ 20 ಸಾವಿರ ಲೀಟರ್ ಉಳಿಯುತ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 44 ಟ್ಯಾಂಕರ್. ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿಯಲಾಗದು. ಉಳಿದದ್ದನ್ನು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡಬಹುದು. ಅದು ಪಕ್ಕದ ತೋಟದವರ ಬೋರ್‌ವೆಲ್‌ಗೂ ಸಿಗುತ್ತದೆ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು 2009ರಲ್ಲೇ ಕಡ್ಡಾಯ ಮಾಡಲಾಗಿದೆ.

ಎರಡನೆಯದು ಫ್ಯಾನು. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟ್. ನೂರು ಫ್ಯಾನು ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ತಿರುಗಿದರೆ ಉಳಿತಾಯ 5,400 ಯೂನಿಟ್. ಸೂರಿನ ಮೇಲೆ ಸೋಲಾರ್ ಹಾಕುವ ಮೊದಲೇ ಮಾಡಬಹುದಾದ ಕೆಲಸ ಇದು.

ಹಾಸ್ಟೆಲ್ಲಿನ ಅನ್ನ, ತರಕಾರಿ ಸಿಪ್ಪೆಗೆ ಗೋಬರ್ ಗ್ಯಾಸ್ ಗುಂಡಿ ಅಥವಾ ಕಾಂಪೋಸ್ಟು. ಕ್ಯಾಂಪಸ್ಸಿನ ಮೂಲೆಯ ಒಂದು ಎಕರೆಗೆ ಬೇಲಿ ಹಾಕಿ ಹೊಂಗೆ, ಬೇವು, ನೇರಳೆ, ಹಿಪ್ಪೆ, ಆಲ, ಅತ್ತಿ. ನಮ್ಮ ಬಯಲುಸೀಮೆಗೆ ಮಲೆನಾಡಿನ ಮರಗಳೇ ಬೇಕೆಂದಿಲ್ಲ. ಎರಡು ವರ್ಷ ಕಾವಲು, ನೀರು. ಆಮೇಲೆ ಗುಡಿಸದೆ, ಸುಡದೆ ಬಿಡುವುದು.

ಕೇಳುವ ಹಕ್ಕು

ಈ ಬರಹ ಬರೆಯುವಾಗ ನಾವು ಮತ್ತೆ ಆ ತಾಲ್ಲೂಕು ಕಾಲೇಜಿಗೆ ಹೋದೆವು. ಕ್ಯಾಮೆರಾ ಒಯ್ಯಲಿಲ್ಲ. ತಿಂಗಳಿಗೆ ಎಷ್ಟು ಟ್ಯಾಂಕರ್ ನೀರು ಬರುತ್ತದೆ, ಕರೆಂಟ್ ಬಿಲ್ ಎಷ್ಟು, ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆವು. ಟ್ಯಾಂಕರಿನ ಬಿಲ್ಲುಗಳು ಒಂದು ಫೈಲಿನಲ್ಲಿದ್ದವು. ಕೂಡಿದ ಮೊತ್ತ ಎಲ್ಲೂ ಇರಲಿಲ್ಲ. ಉಳಿದೆರಡು ಪ್ರಶ್ನೆಗೆ "ಕೇಳಿ ಹೇಳ್ತೀವಿ" ಎಂಬ ಉತ್ತರ. ಅಲ್ಲಿನ ಒಬ್ಬ ಉಪನ್ಯಾಸಕರು ಮಾತ್ರ ಬಾಗಿಲವರೆಗೆ ಬಂದು, "ಲೆಕ್ಕ ಹಾಕೋದು ಹೇಗೆ ಅಂತ ಬರೆದು ಕಳಿಸಿ, ಹುಡುಗರ ಪ್ರಾಜೆಕ್ಟ್ ಮಾಡಿಸ್ತೀನಿ" ಅಂದರು. ಮೇಲಿನ ಎರಡು ಲೆಕ್ಕ ಅವರಿಗಾಗಿಯೇ ಬರೆದದ್ದು.

ನಿಮ್ಮ ಊರಿನ ಪಕ್ಕದಲ್ಲೂ ಒಂದು ಕಾಲೇಜು, ಒಂದು ವಿಶ್ವವಿದ್ಯಾಲಯದ ಕೇಂದ್ರ, ಒಂದು ವಸತಿ ಶಾಲೆ ಇರಬಹುದು. ಅದು ನಿಂತಿರುವುದು ಬಹುಶಃ ನಿಮ್ಮದೇ ಗೋಮಾಳದಲ್ಲಿ. ಅದರ ಬೋರ್‌ವೆಲ್ ಮತ್ತು ನಿಮ್ಮ ಬೋರ್‌ವೆಲ್ ಎಳೆಯುವುದು ಒಂದೇ ನೆಲದ ನೀರು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಬಗ್ಗೆ ಕೇಳುವ ಹಾಗೆ ಇದರ ಬಗ್ಗೆಯೂ ಕೇಳಬಹುದು. ಸೂರಿನ ನೀರು ಎಲ್ಲಿಗೆ ಹೋಗುತ್ತಿದೆ? ಹಾಸ್ಟೆಲ್ಲಿನ ಕೊಳಚೆ ಯಾರ ಹಳ್ಳಕ್ಕೆ ಬೀಳುತ್ತಿದೆ? ಹೋದ ವರ್ಷ ನೆಟ್ಟ ಗಿಡಗಳಲ್ಲಿ ಎಷ್ಟು ಬದುಕಿವೆ?

ಪುರದ ಜನ ಆವತ್ತು ತಮಗೆ ಬೇಕಿದ್ದದ್ದು ನೀರು ಎಂದು ಹೇಳದಿದ್ದರೆ, ಅಷ್ಟು ದೊಡ್ಡ ಸಂಸ್ಥೆಗೂ ದಾರಿ ಗೊತ್ತಾಗುತ್ತಿರಲಿಲ್ಲ.

ಬರುವ ಜೂನ್ 5ಕ್ಕೂ ನಮಗೆ ಫೋನು ಬರುತ್ತದೆ. ಹೋಗುತ್ತೇವೆ. ಈ ಸಲ ಹೊಸ ಗಿಡದ ಫೋಟೊ ತೆಗೆಯುವ ಮೊದಲು ಹಳೆಯ ಗಿಡ ತೋರಿಸಿ ಎಂದು ಕೇಳುವುದೆಂದು ನಿರ್ಧರಿಸಿದ್ದೇವೆ. ನಿಮ್ಮೂರ ಕಾಲೇಜಿನಲ್ಲಿ ಹಳೆಯ ಗಿಡ ಬದುಕಿದ್ದರೆ ಅದರ ಫೋಟೊ ನಮಗೆ ಕಳಿಸಿ. ಅದನ್ನು ಖಂಡಿತ ಹಾಕುತ್ತೇವೆ.